ಮುಚ್ಚಿಟ್ಟ ಕಣ್ಣೀರು

(ಆಧಾರ: 1 ಸಮುವೇಲ, 1ನೆಯ ಅಧ್ಯಾಯ)



2024ನೆಯ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಆಣೆಕಟ್ಟಿನ 19ನೆಯ ಬಾಗಿಲು ಸರಪಣಿ ಕಡಿದು ಕೊಚ್ಚಿಹೋದದ್ದನ್ನು ಬಲ್ಲಿರಿ. ಆಗ ಮಿಕ್ಕ ಬಾಗಿಲುಗಳನ್ನೂ ತೆರೆದು ನೀರಿನ ಒತ್ತಡವನ್ನು ಇಳಿಸಿದರು. ಹರಿದುಹೋಗುವ ನೀರಿಗಾಗಿ ಗಂಗಾವತಿಯ ಗದ್ದೆಯವರು ಮರುಗಿದರು. ಆದರೆ ಕಟ್ಟೆ ಉಳಿಯಿತು. ಮನುಷ್ಯನ ಎದೆಯೂ ಹಾಗೆಯೇ.

ನಮ್ಮ ಸೀಮೆಯಲ್ಲಿ ದುಃಖವನ್ನು ಮುಚ್ಚಿಡುವದೇ ಮರ್ಯಾದೆಯೆಂದು ಎಣಿಸುತ್ತಾರೆ. ಯಲಬುರ್ಗಿಯ ಎರೆಹೊಲದಲ್ಲಿ ಬಿತ್ತಿದ್ದು ಒಣಗಿದರೂ ಗಂಡಸು ಕಟ್ಟೆಯ ಮೇಲೆ ನಗುತ್ತಾ ಕೂಡ್ರುತ್ತಾನೆ. ಸೊಸೆಯು ಒಲೆಯ ಹೊಗೆಯ ನೆವದಿಂದ ಕಣ್ಣೊರಸಿಕೊಳ್ಳುತ್ತಾಳೆ. ತಾಳ್ಮೆಯು ಸದ್ಗುಣವೇ ಸರಿ. ಆದರೆ ಯಾರಿಗೂ ಹೇಳದ ದುಃಖವು ಮೈಯೊಳಗೆ ಇಳಿಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯ ಡಾಕ್ಟರ್ ರಘುರಾಮ್ ಮತ್ತು ಜೊತೆಯವರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನಸ್ಸು ಕುಗ್ಗಿದ ರೋಗಿಗಳು ಮೈನೋವನ್ನು ಹೇಳಿಕೊಳ್ಳಲು ಅಷ್ಟಾಗಿ ನಾಚಲಿಲ್ಲ, ಮನೋವ್ಯಥೆಯನ್ನು ಹೇಳಿದರೆ ಅವಮಾನವೆಂದು ಅಂಜಿದರು ಎಂಬದಾಗಿ ತಿಳಿದುಬಂತು.

ಈ ವಿಷಯದಲ್ಲಿ ನಾವೂ ತಪ್ಪಿದ್ದೇವೆ. ಕುಷ್ಟಗಿ ಸೀಮೆಯ ಒಂದು ಹಳ್ಳಿಯಲ್ಲಿ ಮಗನನ್ನು ಮಣ್ಣು ಮಾಡಿದ ತಾಯಿಗೆ, “ಅಳಬೇಡವ್ವಾ, ಪುನರುತ್ಥಾನದ ನಿರೀಕ್ಷೆಯುಳ್ಳವರು ಅಳಬಾರದು” ಎಂದೆವು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆ ಮೇಲೆ ಆರು ತಿಂಗಳು ಎದೆಯುರಿ, ತಲೆಶೂಲೆ ಎಂದು ಔಷಧಕ್ಕಾಗಿ ತಿರುಗಿದಳು. ಮಗನ ಹೆಸರನ್ನು ಮಾತ್ರ ನಮ್ಮ ಮುಂದೆ ಎತ್ತಲಿಲ್ಲ. ಪೌಲನು ಥೆಸಲೋನಿಕದವರಿಗೆ, ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬಾರದೆಂದು ಬರೆದನೇ ಹೊರತು ದುಃಖಿಸಲೇಬಾರದೆಂದು ಬರೆಯಲಿಲ್ಲ. ಲಾಜರನನ್ನು ಎಬ್ಬಿಸಲಿಕ್ಕಿದ್ದ ಕರ್ತನೇ ಮೊದಲು ಅತ್ತನಲ್ಲವೇ?

ಹನ್ನಳು ಶೀಲೋವಿನಲ್ಲಿ ಅಳುತ್ತಾ ಪ್ರಾರ್ಥಿಸುವಾಗ, ಯಾಜಕನಾದ ಏಲಿಯು ಆಕೆ ಕುಡಿದಿದ್ದಾಳೆಂದು ಗದರಿಸಿದನು. ಆದರೆ ಆಕೆಯ ಮಾತನ್ನು ಕೇಳಿದ ಮೇಲೆ ಸಮಾಧಾನ ಹೇಳಿ ಕಳುಹಿಸಿದನು. ಆಕೆ ಹೋಗಿ ಊಟಮಾಡಿದಳು, ಮುಖದ ದುಗುಡ ಹೋಯಿತು. ಸಮುವೇಲನು ಆಗ ಇನ್ನೂ ಹುಟ್ಟಿರಲಿಲ್ಲ! ಬೇಡಿದ್ದು ಕೈಗೆ ಬರುವದಕ್ಕೆ ಮುಂಚೆಯೇ, ಮನಸ್ಸನ್ನು ಬಿಚ್ಚಿದ್ದರಿಂದ ಭಾರವು ಇಳಿಯಿತು.

ಆದಕಾರಣ ಪ್ರಿಯರೇ, ಊರಿಗೆಲ್ಲಾ ಸಾರಬೇಕಾಗಿಲ್ಲ. ದೇವರ ಮುಂದೆಯೂ ನಂಬಿಗಸ್ತರಾದ ಒಬ್ಬರ ಮುಂದೆಯೂ ಹೇಳಿಕೊಳ್ಳಿರಿ. ಕೇಳುವವರೇ, ಗದರಿಸಬೇಡಿರಿ, ಚಾಡಿಯಾಡಬೇಡಿರಿ. ವ್ಯಥೆಯು ಮೀರಿದರೆ ಡಾಕ್ಟರರ ಬಳಿಗೆ ಹೋಗಿರಿ. 2022ರಲ್ಲಿ ಸರಕಾರವು ಆರಂಭಿಸಿದ ಟೆಲಿ-ಮಾನಸ್‌ನ 14416 ಎಂಬ ಸಂಖ್ಯೆಗೆ ಹಗಲಿರುಳು ಕಾಸಿಲ್ಲದೆ ಮಾತಾಡಬಹುದು. ಇದು ಅವಿಶ್ವಾಸವಲ್ಲ.

ನಾವು ಆ ತಾಯಿಯ ಮನೆಗೆ ತಿರಿಗಿ ಹೋಗಿ, “ನಿನ್ನ ಮಗನ ವಿಷಯ ಹೇಳವ್ವಾ” ಎಂದೆವು. ಆಕೆ ಹೊತ್ತು ಮುಳುಗುವ ತನಕ ಅತ್ತು ಹೇಳಿದಳು. ನಾವು ಉಪದೇಶ ಮಾಡದೆ ಕೇಳಿದೆವು. ಸಕಲ ಸಂತೈಸುವಿಕೆಯ ದೇವರು ನಿಮಗೂ ಅಂಥ ಕಿವಿಗಳನ್ನು ಕೊಡಲಿ. ಆಮೆನ್.