ಬೆನ್ನಿಗೆ ಹೊರುವಷ್ಟು ಸುಖ

ಹಲವು ದಿನಗಳ ಚಾರಣಕ್ಕೆ ಹೊರಡುವವರು ಬೆನ್ನುಚೀಲದ ಭಾರ ಮೈತೂಕದ ಐದರಲ್ಲೊಂದು ಪಾಲನ್ನು ಮೀರದಂತೆ ನೋಡಿಕೊಳ್ಳಬೇಕೆಂದು ನಡೆದು ಪಳಗಿದವರು ಹೇಳುತ್ತಾರೆ. 60 ಕಿಲೋ ತೂಗುವವರಿಗೆ 12 ಕಿಲೋ. ಮಲಗುವ ಚೀಲ, ಟೆಂಟಿನ ಅರ್ಧ, ಪುಟ್ಟ ಒಲೆ, ಅಕ್ಕಿ, ಬೇಳೆ, ಹುರಿಹಿಟ್ಟು, ಬೆಲ್ಲ, ಚಟ್ನಿಪುಡಿ, ಮಳೆಯಂಗಿ, ನೀರು ಎಲ್ಲವೂ ಅಷ್ಟರಲ್ಲೇ ಮುಗಿಯಬೇಕು. ಹೊರಡುವ ಹಿಂದಿನ ರಾತ್ರಿ ನಾವು ಗಂಡ ಹೆಂಡತಿ ಇವನ್ನೆಲ್ಲ ಚಾಪೆಯ ಮೇಲೆ ಹರವಿಕೊಂಡು ಕೂರುತ್ತೇವೆ.

"ರೀ, ಎರಡನೇ ಸ್ವೆಟರ್ ತೆಗೀರಿ."

"ಚಳಿ ಆದ್ರೆ?"

"ನನ್ನ ಶಾಲಿದೆಯಲ್ಲ, ಇಬ್ಬರಿಗೂ ಆಗುತ್ತೆ."

ಹೀಗೆ ಒಂದೊಂದನ್ನೇ ಕೈಗೆತ್ತಿಕೊಂಡು ಕೇಳಬೇಕು: ಇದು ಜೊತೆಗಿದ್ದರೆ ಏನಾಗುತ್ತದೆ, ಇಲ್ಲದಿದ್ದರೆ ಏನಾಗುತ್ತದೆ? ಗ್ರೀಕ್ ತತ್ತ್ವಜ್ಞಾನಿ ಎಪಿಕ್ಯೂರಸ್ ನಮ್ಮ ಪ್ರತಿಯೊಂದು ಬಯಕೆಗೂ ಇದೇ ಪ್ರಶ್ನೆ ಹಾಕಿ ನೋಡಿ ಎಂದಿದ್ದ. ಸುಖವೆಂದರೇನು ಎಂಬುದಕ್ಕೆ ಅವನು ಕೊಟ್ಟ ಉತ್ತರವನ್ನು ಪುಸ್ತಕದಲ್ಲಿ ಓದಿ ತಿಳಿಯುವುದು ಸಾಧ್ಯ. ನನಗೆ ಅದು ಮನಸ್ಸಿಗಿಳಿದದ್ದು ಮಾತ್ರ ಬೆನ್ನ ಮೇಲೆ ಚೀಲವಿದ್ದಾಗ.

ಎಪಿಕ್ಯೂರಸ್ ಕ್ರಿ.ಪೂ. 341ರಲ್ಲಿ ಸೇಮೋಸ್ ದ್ವೀಪದಲ್ಲಿ ಹುಟ್ಟಿದ. ಕ್ರಿ.ಪೂ. 306ರ ಸುಮಾರಿಗೆ ಅಥೆನ್ಸಿಗೆ ಬಂದು ತೋಟವೊಂದನ್ನು ಕೊಂಡು, ಅಲ್ಲೇ ಗೆಳೆಯರೊಡನೆ ಬದುಕುತ್ತ ಕಲಿಸಿದ. ಅವನ ಶಾಲೆಗೆ 'ತೋಟ' ಎಂಬ ಹೆಸರೇ ನಿಂತಿತು. ಆ ಕಾಲಕ್ಕೆ ಅಪರೂಪವೆಂಬಂತೆ ಹೆಂಗಸರೂ ಗುಲಾಮರೂ ಅಲ್ಲಿ ಕೂತು ತತ್ತ್ವ ಚರ್ಚಿಸುತ್ತಿದ್ದರು. ಸುಖವೇ ಬದುಕಿನ ಗುರಿ ಎಂದು ಅವನು ಬಾಯಿಬಿಟ್ಟು ಹೇಳಿದ್ದರಿಂದ ಹೊಟ್ಟೆಬಾಕ, ವಿಷಯಲಂಪಟ ಎಂಬ ಅಪವಾದ ಬದುಕಿದ್ದಾಗಲೇ ಅಂಟಿಕೊಂಡಿತು. ಆದರೆ ಅವನ ದಿನದ ಆಹಾರ ರೊಟ್ಟಿ, ನೀರು. ಗೆಳೆಯನೊಬ್ಬನಿಗೆ ಪತ್ರ ಬರೆದು ಒಂದು ಪುಟ್ಟ ಕುಡಿಕೆ ಗಿಣ್ಣು ಕಳಿಸೆಂದು ಕೇಳಿದ್ದ, ಮನಸ್ಸು ಬಂದಾಗ ಹಬ್ಬದೂಟ ಮಾಡಬಹುದಲ್ಲ ಎಂದು. ಅವನು ಬರೆದ ರಾಶಿ ಸುರುಳಿಗಳಲ್ಲಿ ಇಡಿಯಾಗಿ ಉಳಿದದ್ದು ಬಹಳ ಕಡಿಮೆ. ಡಯೋಜಿನಿಸ್ ಲೇರ್ಟಿಯಸ್ ಎಂಬ ಜೀವನಚರಿತ್ರೆಕಾರ ತನ್ನ ಗ್ರಂಥದಲ್ಲಿ ನಕಲು ಮಾಡಿಟ್ಟ 3 ಪತ್ರಗಳು, 40 ಮುಖ್ಯ ಸೂತ್ರಗಳು, ಇನ್ನಷ್ಟು ಚೂರುಪಾರು. ಅಷ್ಟರಲ್ಲೇ ಅವನ ವಿಚಾರದ ಎಲುಬು ಸ್ಪಷ್ಟವಾಗಿ ಕಾಣುತ್ತದೆ.

ಬಯಕೆಗಳಲ್ಲಿ ಅವನು ಮೂರು ಬಗೆ ಕಂಡ. ಸಹಜವೂ ಅವಶ್ಯವೂ ಆದವು: ಹಸಿದಾಗ ಅನ್ನ, ಬಾಯಾರಿದಾಗ ನೀರು, ಚಳಿಗೆ ಹೊದಿಕೆ, ಮನಸ್ಸಿನ ಭಯ ಕಳೆಯುವ ಅರಿವು ಮತ್ತು ಗೆಳೆತನ. ಸಹಜವಾದರೂ ಅವಶ್ಯವಲ್ಲದವು: ಅನ್ನದ ಜೊತೆಗೆ ಹೋಳಿಗೆಯೂ ಬೇಕೆನ್ನುವುದು. ಎರಡೂ ಅಲ್ಲದವು: ಕೀರ್ತಿ, ಅಧಿಕಾರ, ಅಳತೆಯಿಲ್ಲದ ಐಶ್ವರ್ಯ. ಮೂರನೆಯವನ್ನು ಅವನು ಪೊಳ್ಳು ಎಂದ. ಅವು ಮೈಯಿಂದ ಹುಟ್ಟಿದವಲ್ಲ, ಜನರ ಅಭಿಪ್ರಾಯದಿಂದ ಹುಟ್ಟಿದವು. ಹಸಿವು ಅನ್ನ ಸಿಕ್ಕೊಡನೆ ನಿಲ್ಲುತ್ತದೆ. ಕೀರ್ತಿಯ ಬಯಕೆ ಕೀರ್ತಿ ಸಿಕ್ಕಿದರೆ ನಿಲ್ಲುವುದಿಲ್ಲ, ಏಕೆಂದರೆ ಸಾಕು ಎನ್ನುವ ಅಂಗ ಅದಕ್ಕೆ ಇಲ್ಲ.

ಇಷ್ಟನ್ನೇ ಹೇಳಿದ್ದರೆ ಅವನು ಮಿತವ್ಯಯದ ಉಪದೇಶಕನಾಗುತ್ತಿದ್ದ. ಅವನ ನಿಜವಾದ ಸಾಹಸದ ಮಾತು ಬೇರೆ. ಸುಖಕ್ಕೆ ಒಂದು ಮೇಲಿನ ಎಲ್ಲೆಯಿದೆ, ನೋವು ಪೂರ್ತಿ ಹೋದ ಕ್ಷಣಕ್ಕೆ ಅದು ಮುಟ್ಟಿರುತ್ತದೆ, ಅಲ್ಲಿಂದಾಚೆಗೆ ಏನನ್ನು ಸೇರಿಸಿದರೂ ಸುಖದ ಬಗೆ ಬದಲಾಗುತ್ತದೆಯೇ ಹೊರತು ಪ್ರಮಾಣ ಹೆಚ್ಚುವುದಿಲ್ಲ ಎಂದ. ಹಸಿದವನು ಅನ್ನ ಸಾರು ಉಂಡು ತೃಪ್ತನಾದ. ಮದುವೆಮನೆಯಲ್ಲಿ ಮತ್ತೊಬ್ಬ ಇಪ್ಪತ್ತು ಬಗೆ ಉಂಡು ತೃಪ್ತನಾದ. ಎರಡನೆಯವನ ಸುಖ ಮೊದಲನೆಯವನದಕ್ಕಿಂತ ಬಣ್ಣಬಣ್ಣದ್ದು, ದೊಡ್ಡದಲ್ಲ. ಒಪ್ಪಿಕೊಳ್ಳುವುದು ಸುಲಭವಲ್ಲ. ಇನ್ನಷ್ಟು ಕೂಡಿದರೆ ಇನ್ನಷ್ಟು ಸುಖ ಎಂಬ ಲೆಕ್ಕದ ಮೇಲೆಯೇ ನಮ್ಮ ಪೇಟೆಗಳೆಲ್ಲ ನಿಂತಿವೆ.

ಆ ಲೆಕ್ಕ ತಪ್ಪೆಂದು ನನಗೆ ತೋರಿದ್ದು ವಸಂತದ ನಡಿಗೆಗಳಲ್ಲಿ. ಫಾಲ್ಗುಣದ ಹೊತ್ತಿಗೆ ನಮ್ಮ ಪಶ್ಚಿಮಘಟ್ಟದ ಬೆಟ್ಟಗಳ ಹುಲ್ಲು ಒಣಗಿರುತ್ತದೆ. ಕಾಡ್ಗಿಚ್ಚಿನ ಭಯದಿಂದ ಅರಣ್ಯ ಇಲಾಖೆ ಚಾರಣದ ಎಷ್ಟೋ ದಾರಿಗಳನ್ನು ಮುಚ್ಚುತ್ತದೆ. ಅದಕ್ಕೇ ನಮ್ಮ ವಸಂತದ ನಡಿಗೆಗಳು ಉತ್ತರಾಖಂಡದ ಕಡೆ ತಿರುಗಿದವು. ರುದ್ರಪ್ರಯಾಗ ಜಿಲ್ಲೆಯ ಸಾರಿ ಎಂಬ ಹಳ್ಳಿಯಿಂದ ದೇವರಿಯಾ ತಾಲ್ ಕೆರೆಗೆ ಹತ್ತಿ, ಓಕ್ ಮರಗಳ ಕಾಡಿನಲ್ಲಿ ನಡೆದು ಚೋಪ್ತಾ ಸೇರುವ ದಾರಿ ನಮಗೆ ಅಚ್ಚುಮೆಚ್ಚು. ಆಗ ಕಾಡಿನಲ್ಲಿ ಬುರಾಂಶ್ ಅರಳಿರುತ್ತದೆ. ಉತ್ತರಾಖಂಡದ ರಾಜ್ಯವೃಕ್ಷ ಅದು. ಅಂಗೈ ತುಂಬುವಂಥ ಕೆಂಪು ಗೊಂಚಲು, ಮೇಲೇರಿದಂತೆ ತಿಳಿಗುಲಾಬಿಗೆ ತಿರುಗುವ ಬಣ್ಣ. ಹಳ್ಳಿಯವರು ಆ ಹೂವಿನ ಶರಬತ್ತು ಮಾಡುತ್ತಾರೆ. ಚೋಪ್ತಾದಿಂದ ಮೇಲೆ, 3,680 ಮೀಟರ್ ಎತ್ತರದಲ್ಲಿ ಪಂಚಕೇದಾರಗಳಲ್ಲಿ ಮೂರನೆಯದಾದ ತುಂಗನಾಥ. ವಸಂತದ ಆರಂಭದಲ್ಲಿ ಗುಡಿಯ ಬಾಗಿಲು ಮುಚ್ಚಿರುತ್ತದೆ, ದಾರಿಯಲ್ಲಿ ಇನ್ನೂ ಹಿಮವಿರುತ್ತದೆ, ದೇವರು ಕೆಳಗೆ ಮಕ್ಕುಮಠದಲ್ಲಿ ಚಳಿಗಾಲ ಕಳೆಯುತ್ತಿರುತ್ತಾನೆ.

ಇಂಥ ದಾರಿಯಲ್ಲಿ ದಿನವಿಡೀ ನಡೆದು, ಸಂಜೆ ಚೀಲ ಇಳಿಸಿ, ಬೂಟು ಬಿಚ್ಚಿ, ಬಿಸಿ ಚಹಾ ಕೈಗೆತ್ತಿಕೊಳ್ಳುತ್ತೇವೆ. ಮೊದಲ ಗುಟುಕಿನ ಸುಖ ಎಂಥದ್ದೆಂದು ನಡೆದವರಿಗೆಲ್ಲ ಗೊತ್ತು. ಇದನ್ನು ಎಪಿಕ್ಯೂರಸ್ ಚಲಿಸುವ ಸುಖ ಎನ್ನುತ್ತಾನೆ: ಕೊರತೆ ತುಂಬುತ್ತಿರುವಾಗ ಆಗುವ ಸುಖ. ನೀರು ಗಂಟಲಿಗಿಳಿಯುತ್ತಿರುವಾಗ, ನೋಯುವ ಕಾಲು ಚಾಚುತ್ತಿರುವಾಗ ಅದು ಇರುತ್ತದೆ, ಕೊರತೆ ತುಂಬಿದೊಡನೆ ಮುಗಿಯುತ್ತದೆ. ನಮ್ಮ ಗಮನವೆಲ್ಲ ಇದರ ಮೇಲೆಯೇ ಇರುವುದರಿಂದ ಮುಗಿದಾಗ ಮತ್ತೊಂದು ಬೇಕೆನ್ನಿಸುತ್ತದೆ.

ಆದರೆ ಚಹಾ ಮುಗಿದು ಲೋಟ ಪಕ್ಕಕ್ಕಿಟ್ಟ ಮೇಲೆ ಒಂದು ಹೊತ್ತು ಇರುತ್ತದೆ. ಬಾಯಾರಿಕೆಯಿಲ್ಲ, ಹಸಿವಿಲ್ಲ, ಮೈ ಬೆಚ್ಚಗಿದೆ. ಪಕ್ಕದಲ್ಲಿ ನಮ್ಮ ಮನೆಯವರು ಮಂಡಿ ನೀವಿಕೊಳ್ಳುತ್ತ ಕೂತಿದ್ದಾರೆ. ದೂರದಲ್ಲಿ ಚೌಖಂಬಾ ಶಿಖರದ ಹಿಮ ಕೆಂಪಾಗುತ್ತಿದೆ. ಮಾತಿಲ್ಲ, ಮಾತು ಬೇಕೆಂದೂ ಇಲ್ಲ. ಹೇಳಿಕೊಳ್ಳುವಂಥದ್ದೇನೂ ನಡೆಯುತ್ತಿಲ್ಲ. ಎಪಿಕ್ಯೂರಸನ ಪ್ರಕಾರ ಮನುಷ್ಯ ಮುಟ್ಟಬಹುದಾದ ಅತ್ಯುನ್ನತ ಸುಖ ಇದೇ, ನೆಲೆನಿಂತ ಸುಖ. ಇದಕ್ಕೆ ಎರಡು ಮುಖ. ಮೈಯಲ್ಲಿ ನೋವಿಲ್ಲದಿರುವುದಕ್ಕೆ 'ಅಪೋನಿಯಾ' ಎಂದೂ ಮನಸ್ಸು ಕಲಕದಿರುವುದಕ್ಕೆ 'ಅಟರಾಕ್ಸಿಯಾ' ಎಂದೂ ಹೆಸರು.

ಅವನಿಗಿಂತ ಮೊದಲೇ ಸುಖವಾದವನ್ನು ಕಲಿಸುತ್ತಿದ್ದ ಸೈರೀನಿನ ಪಂಥದವರು ಇದನ್ನು ಒಪ್ಪಲಿಲ್ಲ. ನೋವಿಲ್ಲದಿರುವುದೇ ಸುಖವಾದರೆ ಅದು ನಿದ್ದೆ ಹೋದವನ ಸ್ಥಿತಿ ಎಂದು ಮೂದಲಿಸಿದರು. ಎಷ್ಟೋ ಕಾಲದ ಮೇಲೆ ರೋಮಿನ ಸಿಸೆರೋ ಕೂಡ ಇದೇ ಎಳೆ ಹಿಡಿದು ವಾದ ಮಾಡಿದ. ಆಕ್ಷೇಪಣೆ ಗಟ್ಟಿಯಾದದ್ದೇ. ಕಲ್ಲಿಗೂ ನೋವಿಲ್ಲ, ಹಾಗೆಂದು ಕಲ್ಲು ಸುಖಿಯೇ? ನನಗೆ ತೋರುವ ಉತ್ತರ ಇದು. ಕೊರತೆಯಿಲ್ಲ ಎಂಬುದು ಅರಿವಿನಲ್ಲಿ ನಡೆಯುವ ಸಂಗತಿ. ನಿದ್ದೆ ಹೋದವನಿಗೆ ಹಿಮ ಕೆಂಪಾಗುವುದು ಕಾಣಿಸದು. ಏನೂ ಎಳೆಯದಿದ್ದಾಗ ಕಣ್ಣು ಕಿವಿಗಳೆಲ್ಲ ತಮ್ಮ ಪಾಡಿಗೆ ಕೆಲಸ ಮಾಡುತ್ತವೆ, ಕೂತಿರುವುದೇ ಹಿತವೆನಿಸುತ್ತದೆ. ಈ ಹಿತವನ್ನು ಸೊನ್ನೆ ಎಂದು ಕರೆಯುವುದು ಅದನ್ನು ಕಾಣದವರ ಲೆಕ್ಕ.

ಆ ಹಿತದಲ್ಲಿ ಜೊತೆಗಾರನ ಪಾಲು ದೊಡ್ಡದು. ಗೆಳೆಯರು ಮಾಡುವ ಸಹಾಯಕ್ಕಿಂತ ಅವರು ಸಹಾಯಕ್ಕೆ ಬರುತ್ತಾರೆಂಬ ಭರವಸೆಯೇ ನಮಗೆ ಹೆಚ್ಚಿನ ಸಹಾಯ ಎಂಬರ್ಥದ ಮಾತು ಎಪಿಕ್ಯೂರಸನಲ್ಲಿದೆ. ಹಿಮದ ಇಳಿಜಾರಿನಲ್ಲಿ ಅವರ ಕೈ ಹಿಡಿಯಬೇಕಾದ ಸಂದರ್ಭ ಅಪರೂಪ. ಹಿಡಿಯಲು ಕೈಯಿದೆ ಎಂಬುದು ಮಾತ್ರ ನಡೆವಷ್ಟು ಹೊತ್ತೂ ಜೊತೆಗಿರುತ್ತದೆ. ಮನಸ್ಸು ಕಲಕದಿರಲು ಇದಕ್ಕಿಂತ ಹೆಚ್ಚು ಏನು ಬೇಕು? ತೋಟದವರು ಗೆಳೆತನವನ್ನು ಅವಶ್ಯಗಳ ಸಾಲಿಗೆ ಸೇರಿಸಿದ್ದು ಸರಿಯೆಂದು ನಾನು ನಂಬುತ್ತೇನೆ. ಮದುವೆ ಬಾಳುವುದೂ ಬಹುಮಟ್ಟಿಗೆ ಈ ಗೆಳೆತನದಿಂದಲೇ.

ಹಾಗಾದರೆ ಹಿಮಾಲಯಕ್ಕೆ ಹೋಗಬೇಕೆಂಬ ಬಯಕೆ ಯಾವ ಬಗೆಯದು? ಪ್ರಾಮಾಣಿಕವಾಗಿ ಹೇಳಬೇಕೆಂದರೆ ಎರಡನೆಯದು: ಸಹಜ, ಆದರೆ ಅವಶ್ಯವಲ್ಲ. ಎಪಿಕ್ಯೂರಸ್ ಇದನ್ನು ಬೇಡವೆನ್ನುವುದಿಲ್ಲ. ಸಿಕ್ಕಿದರೆ ಸವಿಯಿರಿ, ಇಲ್ಲದಿದ್ದರೆ ಕೊರಗಬೇಡಿ ಎನ್ನುತ್ತಾನೆ. ಅವನೊಂದು ಸೂಕ್ಷ್ಮ ಪರೀಕ್ಷೆಯನ್ನೂ ಇಟ್ಟಿದ್ದಾನೆ. ಈಡೇರದಿದ್ದರೂ ನೋವಾಗದಂಥ ಬಯಕೆಯ ಬೆನ್ನು ಹತ್ತಿ ಹಟ ಹಿಡಿದರೆ, ಅದು ಸಹಜದ ಸಾಲಿನಿಂದ ಪೊಳ್ಳಿನ ಸಾಲಿಗೆ ಜಾರಿದೆ ಎಂದರ್ಥ. ಚಾರಣಿಗರಲ್ಲಿ ಈ ಜಾರುವಿಕೆಯನ್ನು ಬೇಕಾದಷ್ಟು ಕಾಣುತ್ತೇವೆ. ಎಷ್ಟು ಶಿಖರ ಮುಗಿಸಿದೆ ಎಂಬ ಎಣಿಕೆ, ಕಳೆದ ವರ್ಷದ ಟೆಂಟಿಗಿಂತ 200 ಗ್ರಾಂ ಹಗುರವಾದ ಟೆಂಟು, ನೋಡುವ ಮೊದಲೇ ತೆಗೆಯುವ ಫೋಟೋ. ಕಡಿಮೆಯಲ್ಲಿ ಬದುಕಲು ಹೋದ ಕಡೆಯೇ ಹೊಸ ಕೊಳ್ಳುಬಾಕತನ ಚಿಗುರುತ್ತದೆ. ಮಗುವಿನ ಪರೀಕ್ಷೆಯೋ ಅತ್ತೆಯ ಕಾಯಿಲೆಯೋ ಬಂದು ಹೋಗಲಾಗದ ವಸಂತದಲ್ಲಿ ಮನೆಯೊಳಗೆ ಮುಖ ಗಂಟಿಕ್ಕಿಕೊಂಡು ತಿರುಗಿದರೆ, ಬೆಟ್ಟ ಕಲಿಸಿದ್ದೇನೂ ಉಳಿದಿಲ್ಲವೆಂದೇ ತಿಳಿಯಬೇಕು.

ಮನೆಯಲ್ಲಿ ಸುಖದ ಆ ಎಲ್ಲೆಯನ್ನು ಕಾಣುವುದು ಬೆಟ್ಟಕ್ಕಿಂತ ಕಷ್ಟ. ಬೆಟ್ಟದಲ್ಲಿ ಮೈಯೇ ತೋರಿಸುತ್ತದೆ: ಹಸಿವಾಯಿತು, ಉಂಡೆ, ಸಾಕಾಯಿತು. ಮನೆಯಲ್ಲಿ ಹಸಿವಾಗುವ ಮೊದಲೇ ತಿಂಡಿ, ಬಾಯಾರುವ ಮೊದಲೇ ಕಾಫಿ. ಕೊರತೆಯೇ ಕಾಣದಿದ್ದಾಗ ಅದು ತುಂಬಿದ್ದೂ ಕಾಣುವುದಿಲ್ಲ. ಮೈ ಹೇಳದಿದ್ದುದನ್ನು ಇಲ್ಲಿ ವಿವೇಕ ಹೇಳಬೇಕು. ವಿವೇಕವನ್ನು ಎಪಿಕ್ಯೂರಸ್ ತತ್ತ್ವಶಾಸ್ತ್ರಕ್ಕಿಂತಲೂ ಬೆಲೆಯುಳ್ಳದ್ದೆಂದು ಎಣಿಸಿದ್ದ. ನಮ್ಮ ಮನೆಯಲ್ಲಿ ಅದು ರಾತ್ರಿಯ ಊಟದ ರೂಪದಲ್ಲಿದೆ. ಅನ್ನ, ಕಟ್ಟಿನ ಸಾರು, ಸುಟ್ಟ ಹಪ್ಪಳ, ಮಜ್ಜಿಗೆ. ಬಡಿಸಿಕೊಳ್ಳುವ ಮೊದಲು ನಿಜವಾಗಿ ಹಸಿವಾಗಲು ಬಿಡುತ್ತೇವೆ. ಉಂಡ ಮೇಲೆ ಫೋನಿಗೆ ಕೈ ಹಾಕದೆ ಒಂದಷ್ಟು ಹೊತ್ತು ಹಿತ್ತಲ ಮೆಟ್ಟಿಲಿನ ಮೇಲೆ ಕೂರುತ್ತೇವೆ. ಲೋಟ ಕೆಳಗಿಟ್ಟ ಮೇಲಿನ ಆ ಹೊತ್ತು ಇಲ್ಲಿಯೂ ಸಿಗುತ್ತದೆ, ಚೌಖಂಬಾ ಇಲ್ಲದೆಯೇ. ಅದಕ್ಕೆ ಏನು ಕಡಿಮೆಯಾಗಿದೆ ಎಂದು ಹುಡುಕಿದ್ದೇನೆ, ಸಿಕ್ಕಿಲ್ಲ.

ಮನೆಗೆ ಮರಳಿದ ಮೇಲೂ ನಡಿಗೆ ಕೆಲಸ ಮಾಡುವ ಇನ್ನೊಂದು ಬಗೆಯಿದೆ. ಮೈಯ ಸುಖ ಈಗಿನದಷ್ಟೇ, ಮನಸ್ಸಿನದು ಹಿಂದಕ್ಕೂ ಮುಂದಕ್ಕೂ ಚಾಚುತ್ತದೆ ಎಂಬುದು ಎಪಿಕ್ಯೂರಸನ ನಿಲುವು. ಕ್ರಿ.ಪೂ. 270ರಲ್ಲಿ ಮೂತ್ರ ತಡೆದ ಕಲ್ಲಿನ ಅಸಾಧ್ಯ ನೋವಿನಲ್ಲಿ ಸಾಯುತ್ತಿದ್ದಾಗ ಬರೆದ ಪತ್ರದಲ್ಲಿ, ಗೆಳೆಯನೊಡನೆ ಹಿಂದೆ ಆಡಿದ ಮಾತುಗಳ ನೆನಪಿನ ಸಂತೋಷವನ್ನು ಆ ನೋವಿಗೆ ಎದುರಾಗಿ ನಿಲ್ಲಿಸಿದ್ದೇನೆ ಎಂದಿದ್ದಾನೆ. ಬುರಾಂಶ್ ಕಾಡಿನ ನೆನಪು ಅಷ್ಟು ದೊಡ್ಡ ಕೆಲಸಕ್ಕೆ ಬರುತ್ತದೋ ಇಲ್ಲವೋ, ಆಷಾಢದ ಜಿಟಿಜಿಟಿ ಸಂಜೆಗಳಿಗಂತೂ ಧಾರಾಳವಾಗಿ ಸಾಲುತ್ತದೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ನಮ್ಮ ಸುಖದ ಮಾತಾಯಿತು. ಚೋಪ್ತಾದ ದಾರಿಯಲ್ಲಿ ನಮ್ಮ ಚೀಲಕ್ಕಿಂತ ಎಷ್ಟೋ ಪಾಲು ಹೆಚ್ಚು ಭಾರವನ್ನು ಕೂಲಿಗಾಗಿ ಹೊರುವವರು ಎದುರಾಗುತ್ತಾರೆ. ನಾವು ಆರಿಸಿಕೊಂಡು ಹೊತ್ತದ್ದನ್ನು ಅವರು ಬೇರೆ ದಾರಿಯಿಲ್ಲದೆ ಹೊರುತ್ತಾರೆ. ಅವರೆದುರು ಸಾಕೆಂಬುದರ ಮಹಿಮೆ ಹೇಳುವುದು ಅನ್ಯಾಯ, ತತ್ತ್ವದ ದೃಷ್ಟಿಯಿಂದಲೂ ತಪ್ಪು. ಅವಶ್ಯಗಳು ಈಡೇರಬೇಕು ಎಂಬುದು ಎಪಿಕ್ಯೂರಸನ ಮೊದಲ ಷರತ್ತು. ಹಸಿವು, ನೀರಡಿಕೆ, ಚಳಿಗಳ ಕೂಗಿಗೆ ಉತ್ತರ ಸಿಕ್ಕ ಮೇಲೆಯೇ, ಮುಂದೆಯೂ ಸಿಗುತ್ತದೆಂಬ ಧೈರ್ಯವಿದ್ದಾಗಲೇ ನೆಲೆನಿಂತ ಸುಖದ ಮಾತು. ಹಸಿದವನಿಗೆ ತೃಪ್ತಿಯ ಪಾಠ ಹೇಳಲು ಅವನ ಹೆಸರನ್ನು ಬಳಸುವಂತಿಲ್ಲ.

ಎಲ್ಲೆಯಾಚೆ ಉಳಿದದ್ದನ್ನು ಏನು ಮಾಡಬೇಕು ಎಂಬಲ್ಲಿ ಮಾತ್ರ ತೋಟದ ಗುರುವಿನ ಮಾತು ನನಗೆ ಸಾಲದು. ಅಲ್ಲಿ ನೆರವಿಗೆ ಬರುವವಳು 12ನೆಯ ಶತಮಾನದ ನಮ್ಮ ಆಯ್ದಕ್ಕಿ ಲಕ್ಕಮ್ಮ. ಕಲ್ಯಾಣದಲ್ಲಿ ಅವಳ ಗಂಡ ಮಾರಯ್ಯ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ ಮಾಡುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಅದನ್ನು ಒಲೆಯ ಮೇಲೇರಿಸಲಿಲ್ಲ. ಈ ಹೆಚ್ಚಿನ ಆಸೆ ಎಲ್ಲಿಂದ ಬಂತೆಂದು ಗಂಡನನ್ನೇ ಕೇಳಿದಳು, ಮಿಕ್ಕದ್ದನ್ನು ತೆಗೆದುಕೊಂಡ ಕಡೆಯೇ ಸುರಿದು ಬಾ ಎಂದಳು. ಅವಳು ಎಲ್ಲೆ ಹಾಕಿದ್ದು ತನ್ನ ನೆಮ್ಮದಿಗಾಗಿ ಅಲ್ಲ. ದಿನದ ದಾಸೋಹಕ್ಕೆ ಬೇಕಾದಷ್ಟೇ ತಮ್ಮದು, ಉಳಿದದ್ದು ತಮ್ಮದಲ್ಲ ಎಂಬುದು ಅವಳ ನಿಲುವು. ಅದೂ ಬಡತನದ ಮನೆಯಲ್ಲಿ, ಗಂಡನ ಮುಖ ನೋಡಿಕೊಂಡೇ ಆಡಿದ ಮಾತು.

ಆದ್ದರಿಂದ ಈಗೀಗ ಚಾಪೆಯ ಮೇಲೆ ಸಾಮಾನು ಹರವಿಕೊಂಡಾಗ ನಮ್ಮಿಬ್ಬರ ನಡುವೆ ಇನ್ನೊಂದು ಚರ್ಚೆಯೂ ನಡೆಯುತ್ತದೆ. ಚೀಲದಿಂದ ಹೊರಗುಳಿದ ಸ್ವೆಟರು ಮತ್ತೆ ಬೀರುವಿಗೆ ಹೋಗಬೇಕೇ, ಅಥವಾ ಅದು ಬೇಕಾದವರ ಮನೆಗೇ? ಅವರು ಬೀರುವಿನ ಪರ, ಮುಂದೆ ಬೇಕಾಗಬಹುದೆಂಬ ವಾದ. ನಾನು ಲಕ್ಕಮ್ಮನ ಪರ. ಚರ್ಚೆ ಇನ್ನೂ ಮುಗಿದಿಲ್ಲ.