ಯಾರ ನೆರೆಯಲ್ಲಿ ಮನೆ?

ಮಗನಿಗೆ ಪೀಣ್ಯದಲ್ಲಿ ಕೆಲಸ ಸಿಕ್ಕ ಮೇಲೆ ಗೊಳಸಂಗಿಯ ನಮ್ಮ ಮನೆಯಲ್ಲಿ ಒಂದೇ ಚರ್ಚೆ: ಬೆಂಗಳೂರಿನ ಯಾವ ಬಡಾವಣೆಯಲ್ಲಿ ಮನೆ ಹಿಡಿಯುವುದು? ಅವನ ಲೆಕ್ಕ ಸರಳ. ದಾಸರಹಳ್ಳಿಯಾದರೆ ಕೆಲಸ ಹತ್ತಿರ. ಮೆಟ್ರೊದ ಹಸಿರು ಮಾರ್ಗ 2024ರಲ್ಲಿ ಮಾದಾವರ ಮುಟ್ಟಿದೆ, ಇನ್ನೂ ಆಚೆಗಾದರೂ ನಡೆದೀತು. ಊರಿಗೆ ಬರಲು ಯಶವಂತಪುರ ನಿಲ್ದಾಣವೂ ಸಮೀಪ. ನನ್ನ ತಂಗಿಯ ಲೆಕ್ಕ ಬೇರೆ: “ನಮ್ಮ ಮಂದಿ ಇರೂ ಕಡೆ ನೋಡಪಾ.”

ಜೋಳದ ರೊಟ್ಟಿಯ ಖಾನಾವಳಿ ಬೇಕು, ನಮ್ಮ ಕಡೆಯ ಮಾತು ಕಿವಿಗೆ ಬೀಳಬೇಕು ಎಂದರೆ ಒಪ್ಪುತ್ತೇನೆ. ಆದರೆ ಮನೆ ತೋರಿಸಿದ ಮಾಲೀಕರೊಬ್ಬರು ಬಾಡಿಗೆ ಹೇಳುವ ಮೊದಲೇ ಜಾತಿ ಕೇಳಿದರು. ನಮ್ಮ ಉತ್ತರ ಅವರಿಗೆ ಹಿಡಿಸಿತು, ಮುಂಗಡದಲ್ಲೂ ಕಡಿಮೆ ಮಾಡಿದರು. ನಾವೇ ಆ ಮನೆ ಬೇಡವೆಂದೆವು.

ಬಸವಣ್ಣನವರೂ ಹೀಗೆಯೇ ನಮ್ಮ ಸೀಮೆಯ ಬಾಗೇವಾಡಿ ಬಿಟ್ಟು ಕೂಡಲಸಂಗಮಕ್ಕೆ, ಮುಂದೆ ಕಲ್ಯಾಣಕ್ಕೆ ಹೋದವರು. 12ನೇ ಶತಮಾನದ ಆ ರಾಜಧಾನಿಯಲ್ಲಿ ಅವರು ಕುಲ ವಿಚಾರಿಸಿ ನೆರೆ ಕಟ್ಟಿಕೊಳ್ಳಲಿಲ್ಲ. ದೇವರ ಹಿಪ್ಪರಗಿಯಿಂದ ಹೋದ ಮಡಿವಾಳ ಮಾಚಯ್ಯ, ಸಮಗಾರ ಹರಳಯ್ಯ, ಅಂಬಿಗರ ಚೌಡಯ್ಯ ಎಲ್ಲರೂ ಒಂದೇ ಬಳಗ. ವಲಸೆ ಬಂದವರ ಊರಲ್ಲೇ ಆ ಶರಣರ ಧರ್ಮ ಬೆಳೆಯಿತು.

ತನ್ನವರ ನಡುವೆ ಮಾತ್ರ ಉಳಿಯುವ ಧರ್ಮಕ್ಕೆ ಪರೀಕ್ಷೆ ಎಲ್ಲಿಯದು? ನೀರು, ರೈಲು, ಬಾಡಿಗೆ ನೋಡಿ ಬಡಾವಣೆ ಆರಿಸಿಕೊಳ್ಳಿ. ಜಾತಿ ಕೇಳುವ ಬಾಗಿಲಿನಿಂದ ಮಾತ್ರ, ಉತ್ತರ ನಿಮಗೆ ಅನುಕೂಲವಾಗಿದ್ದರೂ, ಹಿಂದಿರುಗಿ.