ನೆಲದ ಋಣ

ಬಿತ್ತನೆ ಬೀಜಕ್ಕೋ, ಹೊಲದ ಬದುವಿಗೋ, ಕೃಷಿಹೊಂಡಕ್ಕೋ ಸರ್ಕಾರದ ಸಹಾಯಧನವನ್ನು ಪಡೆಯುವ ರೈತನು ದಾನವನ್ನು ಪ್ರತಿಗ್ರಹಿಸುತ್ತಿರುವನೋ, ಇಲ್ಲವೆ ತನಗೆ ಸಲ್ಲತಕ್ಕುದನ್ನೇ ಸ್ವೀಕರಿಸುತ್ತಿರುವನೋ ಎಂಬುದು ಮೇಲ್ನೋಟಕ್ಕೆ ಲೆಕ್ಕಪತ್ರದ ವಿಷಯವಾಗಿ ತೋರಿದರೂ, ವಾಸ್ತವವಾಗಿ ಧರ್ಮವಿಚಾರವೇ ಆಗಿದೆ. ದಾನವೆಂದಾದರೆ ವಿಚಾರಿಸಿಕೊಂಡು ಬಂದು ಬೇಡುವ ಭಾರವು ಪಡೆಯುವವನದು. ಋಣವೆಂದಾದರೆ ಸಾಲಗಾರನೇ ಸಾಲವಿತ್ತವನ ಮನೆಯನ್ನು ಹುಡುಕಿಕೊಂಡು ಹೋಗಿ ತೀರಿಸತಕ್ಕದ್ದು.

ರಾಜನು ಕೃಷಿಕರಿಗೆ ಧಾನ್ಯ, ಪಶು, ಹಣಗಳನ್ನಿತ್ತು ಅನುಗ್ರಹಿಸಬೇಕು, ಅವರು ಅದನ್ನು ತಮಗೆ ಅನುಕೂಲವಾದಂತೆ ಹಿಂದಿರುಗಿಸಬಹುದು ಎಂದು ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಕೌಟಿಲ್ಯನು ವಿಧಿಸುತ್ತಾನೆ. ಕೆರೆಕಟ್ಟೆಗಳನ್ನು ತಾನೇ ಕಟ್ಟಿಸಬೇಕು, ಇಲ್ಲವೆ ಕಟ್ಟುವವರಿಗೆ ಭೂಮಿ, ಮಾರ್ಗ, ಮರ, ಉಪಕರಣಗಳನ್ನು ಒದಗಿಸಬೇಕೆಂದೂ ಹೇಳುತ್ತಾನೆ. ಆದರೆ ಅನುಗ್ರಹವು ಕೋಶವನ್ನು ವೃದ್ಧಿಗೊಳಿಸುವಂತಿರಬೇಕೆಂಬುದು ಅವನ ದೃಷ್ಟಿ. 1369ರ ಪೊರುಮಾಮಿಳ್ಳ ಶಾಸನದ ದೃಷ್ಟಿ ಬೇರೆ, ಅಲ್ಲಿ ಕೋಶಕ್ಕಿಂತ ಕೆರೆಯೇ ಮುಖ್ಯ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಕಡಪ ಸೀಮೆಯಲ್ಲಿ ಕಟ್ಟಿಸಿದ ಕೆರೆಯನ್ನು ಕುರಿತ ಆ ಬರಹವು ಉತ್ತಮವಾದ ಕೆರೆಗೆ ಬೇಕಾದ 12 ಸಾಧನಗಳನ್ನೂ ವರ್ಜಿಸತಕ್ಕ 6 ದೋಷಗಳನ್ನೂ ಎಣಿಸಿ, 1000 ಆಳುಗಳು 2 ವರ್ಷ ದುಡಿದುದನ್ನೂ ದಾಖಲಿಸುತ್ತದೆ. ನಮ್ಮ ಹಿರಿಯರು ಕೆರೆಯನ್ನು ಸಪ್ತಸಂತಾನಗಳಲ್ಲಿ, ಎಂದರೆ ಮನುಷ್ಯನು ತನ್ನ ಹಿಂದೆ ಬಿಟ್ಟುಹೋಗುವ ಏಳು ಬಗೆಯ ಸಂತತಿಯಲ್ಲಿ, ಒಂದೆಂದು ಎಣಿಸಿದರು. ಮುಂದೆ ಹುಟ್ಟುವವರೊಡನೆ ಇಂದಿನವರಿಗಿರುವ ಸಂಬಂಧವನ್ನು ಇಷ್ಟು ನೇರವಾಗಿ ಗುರುತಿಸಿದ ಕಲ್ಪನೆ ನನಗೆ ಬೇರೊಂದು ತಿಳಿಯದು.

ಈ ಸಂಬಂಧವು ಹೊಲದ ಬದುವಿನಲ್ಲಿ ಕಣ್ಣಿಗೆ ಕಾಣುತ್ತದೆ. ಮಸಾರಿ ನೆಲದ ಇಳಿಜಾರಿನಲ್ಲಿ ಮುಂಗಾರಿನ ಒಂದು ಬಿರುಸಾದ ಮಳೆ ಸುರಿದರೆ ಸಾಲುಗಳ ನಡುವೆ ಕೆಂಪುನೀರು ಹರಿದು, ಮೇಲ್ಮಣ್ಣೂ ಹಾಕಿದ ಗೊಬ್ಬರವೂ ಹಳ್ಳದ ಪಾಲಾಗಿ, ಕಡೆಗೆ ಕೆಳಗಿನ ಕೆರೆಯಲ್ಲಿ ಹೂಳಾಗಿ ಕೂಡುತ್ತವೆ. ಅದನ್ನು ತಡೆಯಲು ಇಳಿಜಾರಿಗೆ ಅಡ್ಡಲಾಗಿ ಬದು ಹಾಕಿ, ಹೆಚ್ಚಿನ ನೀರು ಹೊರಬೀಳಲು ಕಲ್ಲಿನ ಕೋಡಿಯನ್ನಿರಿಸಿ, ಬದುವಿನ ಮೇಲೆ ಹುಲ್ಲು ಬೆಳೆಸುವ ರೈತನು, ಬಿತ್ತಬಹುದಾಗಿದ್ದ ತನ್ನ ನೆಲದಲ್ಲಿ ಒಂದು ಪಟ್ಟಿಯನ್ನೇ ಬಿಟ್ಟುಕೊಡುತ್ತಾನೆ. ಆ ವರ್ಷದ ಫಸಲಿನಲ್ಲಿ ಅವನಿಗೆ ಸಿಕ್ಕುವ ಲಾಭ ಸ್ವಲ್ಪವೇ. ಕೆರೆಯ ಕೆಳಗಿನ ಗದ್ದೆಯವನಿಗೂ ಇನ್ನೂ ಹುಟ್ಟದವನಿಗೂ ಸಿಕ್ಕುವುದು ಹೆಚ್ಚು. ಅವರ ಪರವಾಗಿ ಸರ್ಕಾರವು ಬದುವಿನ ವೆಚ್ಚವನ್ನು ಭರಿಸಿದರೆ ಅದನ್ನು ಋಣಪರಿಹಾರವೆನ್ನದೆ ಮತ್ತೇನೆನ್ನಬೇಕು? 'ಸರ್ಕಾರದ ಹಂಗು ನಮಗೇಕೆ' ಎಂದು ಅರ್ಜಿ ಹಾಕದೆ ಉಳಿಯುವ ವೃದ್ಧ ರೈತರ ಅಭಿಮಾನವು ಗೌರವಾರ್ಹವಾದುದೇ. ಆದರೆ ಇಲ್ಲಿ ಹಂಗಿನಲ್ಲಿರುವವರು ಅವರಲ್ಲ, ನಾವು.

ಸಹಾಯಧನ ಬೇಕಾದವನಿಗೆ ದಾರಿಯಿಲ್ಲವೆಂದಲ್ಲ. ಹೋಬಳಿಗೊಂದು ರೈತ ಸಂಪರ್ಕ ಕೇಂದ್ರವುಂಟು. ಪಹಣಿ, ಆಧಾರ್, ಬ್ಯಾಂಕಿನ ಪಾಸ್‌ಬುಕ್ಕುಗಳೊಡನೆ ಅಲ್ಲಿಗೆ ಹೋದರೆ ಯಾವ ಯೋಜನೆ ನಡೆಯುತ್ತಿದೆಯೆಂಬುದು ತಿಳಿಯುತ್ತದೆ. 2014–15ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯ ಹೊಂಡಗಳನ್ನು ಮಳೆಯಾಶ್ರಿತ ತಾಲ್ಲೂಕುಗಳ ಹೊಲಗಳಲ್ಲಿ ಈಗಲೂ ಕಾಣಬಹುದು. ಆದರೆ ಪಹಣಿಯು ತೀರಿಹೋದ ಅಜ್ಜನ ಹೆಸರಿನಲ್ಲಿಯೇ ಉಳಿದು, ಪೌತಿ ಖಾತೆಯಾಗದೆ, ದಾಯಾದಿಗಳ ಒಪ್ಪಿಗೆ ಸಿಕ್ಕದೆ ಇರುವ ಮನೆಯವನು ಆ ಕೇಂದ್ರದಿಂದ ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ. ಬಿತ್ತುವ, ಕಳೆ ಕೀಳುವ ಹೆಂಗಸಿನ ಹೆಸರಂತೂ ಎಷ್ಟೋ ಪಹಣಿಗಳಲ್ಲಿ ಇರುವುದೇ ಇಲ್ಲ.

ಇವರೆಲ್ಲರಿಗಿಂತ ಮರೆಯಲ್ಲಿರುವವನು ಕೋರಿಗೆ ಮಾಡುವವನು, ಎಂದರೆ ಇನ್ನೊಬ್ಬರ ಹೊಲವನ್ನು ಫಸಲಿನ ಪಾಲಿಗೆ ಉಳುವವನು. 2019ರಲ್ಲಿ ಬಂದ ಪಿಎಂ ಕಿಸಾನ್ ಯೋಜನೆಯ ವಾರ್ಷಿಕ 6000 ರೂಪಾಯಿ, ಮೂರು ಕಂತುಗಳಲ್ಲಿ, ಭೂಮಿಯ ಒಡೆಯನಿಗೆ ಸಲ್ಲುತ್ತದೆ, ನೇಗಿಲು ಹಿಡಿದವನಿಗಲ್ಲ. ಪಹಣಿಯ 12ನೆಯ ಅಂಕಣದಲ್ಲಿ ಸಾಗುವಳಿದಾರನ ಹೆಸರಿಗೆ ಸ್ಥಳವಿದ್ದೇ ಇದೆ. ಆದರೆ 1974ರ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿಯು ನಿಷಿದ್ಧವಾದ ಮೇಲೆ, ಬಾಯಿಮಾತಿನ ಒಪ್ಪಂದದವನ ಹೆಸರನ್ನು ಅಲ್ಲಿ ಬರೆಯಿಸಲು ಒಡೆಯನು ಅಂಜುತ್ತಾನೆ. ಕಾಲು ಎಕರೆಯ ಒಡತಿಯಾದ ಬಡ ವಿಧವೆಯೂ ಅಂಜುತ್ತಾಳೆ, ಅವಳ ಅಂಜಿಕೆ ನ್ಯಾಯವಾದುದೇ. ಯಾರ ಹೊಲವನ್ನು ಯಾರು ಉಳುತ್ತಿದ್ದಾರೆಂಬುದು ಊರಿನಲ್ಲಿ ಎಲ್ಲರಿಗೂ ಗೊತ್ತು. ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಉಳುವವರ ಹೆಸರುಗಳನ್ನು ಕೂಗಿ ಬರೆದುಕೊಂಡು, ಒಡೆತನಕ್ಕೆ ಬಾಧಕವಾಗದಂತೆ, ಬೀಜಕ್ಕೂ ಬದುವಿಗೂ ಬೆಳೆನಷ್ಟಕ್ಕೂ ಮಾತ್ರ ಸಾಕ್ಷಿಯಾಗುವ ಪಟ್ಟಿಯೊಂದನ್ನು ಸರ್ಕಾರವು ಏಕೆ ಇಟ್ಟುಕೊಳ್ಳಬಾರದು?